ಮೂರು ಗಂಟೆಯ ಗಂಜಿ

ಆ ಮಕ್ಕಳ ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದ ಮುದುಕಿಗೆ ಮಕ್ಕಳೆಲ್ಲ ಸೌಟಜ್ಜಿ ಅಂತ ಹೆಸರಿಟ್ಟಿದ್ದರು. ಕೈಯಲ್ಲಿ ಸೌಟಿಲ್ಲದೆ ಅವಳನ್ನು ಕಂಡವರೇ ಕಡಿಮೆ. ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತವಳು. ಮೊದಮೊದಲು ಯಾರಿಗೆ ಉಣ್ಣಿಸಿದ್ದಳೋ ಈಗ ಅವರ ಮಕ್ಕಳಿಗೆ ಉಣ್ಣಿಸುತ್ತಿದ್ದಳು. ಅಕ್ಷರ ಅಷ್ಟಾಗಿ ಕೂಡಿ ಬರುತ್ತಿರಲಿಲ್ಲ, ಅಂಕಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಅವಳಿಗೊಂದು ಚಟ. ಯಾವುದಾದರೂ ಸಂಗತಿ ತಲೆ ಹೊಕ್ಕರೆ ಅದರ ಬುಡ ಕಾಣುವ ತನಕ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹಾಗ್ಯಾಕೆ, ಹೀಗ್ಯಾಕೆ ಅಂತ ಕೇಳಿ ಕೇಳಿ ಗಂಡನ ತಲೆ ತಿಂದಿದ್ದಳು. ಆ ಪುಣ್ಯಾತ್ಮ ಕಣ್ಣು ಮುಚ್ಚಿದ ಮೇಲೆ ಆ ಪ್ರಶ್ನೆಗಳೆಲ್ಲ ಕೇಂದ್ರದ ಟೀಚರಮ್ಮನ ಪಾಲಿಗೆ ಬಂದಿದ್ದವು.

ಕೇಂದ್ರ ಅಂದರೆ ಒಂದು ದೊಡ್ಡ ಕೋಣೆ, ಅದರ ಬೆನ್ನಿಗೆ ಅಡುಗೆಯ ಸಣ್ಣ ಕೋಣೆ, ಮುಂದೆ ಎರಡು ಮೆಟ್ಟಿಲು. ಒಂದು ಮಗ್ಗುಲಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ದೊಡ್ಡ ಕಾರ್ಖಾನೆ, ಇನ್ನೊಂದು ಮಗ್ಗುಲಿಗೆ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಅಂಗಡಿ. ಮಕ್ಕಳು ಮೂವತ್ತನಾಲ್ಕು. ಅವರಲ್ಲಿ ಮುಕ್ಕಾಲು ಪಾಲಿನ ತಾಯಂದಿರು ಆ ಕಾರ್ಖಾನೆಯಲ್ಲೇ ದುಡಿಯುವವರು.

ಹನ್ನೊಂದೂವರೆಯ ಊಟ ಎಲ್ಲ ಕೇಂದ್ರಗಳಲ್ಲೂ ಇತ್ತು. ಇಲ್ಲೂ ಇನ್ನು ಕೆಲವು ಕಡೆಯೂ ಐದು ತಿಂಗಳಿಂದ ಮಧ್ಯಾಹ್ನ ಮೂರಕ್ಕೆ ಇನ್ನೊಂದು ಬಟ್ಟಲು ಗಂಜಿ ಸಿಗುತ್ತಿತ್ತು. ಕಾಳಿನ ಹಿಟ್ಟು, ಹಾಲಿನ ಪುಡಿ, ಮೇಲೊಂದು ಚಮಚ ಎಣ್ಣೆ ಹಾಕಿ ಕಾಯಿಸಿದ ಗಟ್ಟಿ ಗಂಜಿ. ಸರಕಾರದ ಹೊಸ ಯೋಜನೆ ಅದು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗಬೇಕು, ತೂಗಿದ್ದನ್ನು ಪಟದ ಮೇಲೆ ಚುಕ್ಕೆಯಿಟ್ಟು ಗುರುತಿಸಬೇಕು. ವಯಸ್ಸಿಗೆ ತಕ್ಕ ತೂಕವಿಲ್ಲದ ಮಗುವಿನ ಚುಕ್ಕೆ ಕೆಂಪು ಪಟ್ಟಿಯೊಳಗೆ ಬೀಳುತ್ತದೆ. ಕೆಂಪಿನಲ್ಲಿ ಎಂಟು ಮಕ್ಕಳೋ ಹೆಚ್ಚೋ ಇದ್ದರೆ ಆ ಇಡೀ ಕೇಂದ್ರಕ್ಕೆ ಮೂರು ಗಂಟೆಯ ಗಂಜಿ. ಎಂಟಕ್ಕಿಂತ ಕಡಿಮೆಯಾದರೆ ನಿಂತುಹೋಗುತ್ತದೆ. ಇಲ್ಲಿ ಕೆಂಪಿನಲ್ಲಿದ್ದವರು ಹನ್ನೊಂದು.

ಆ ಹನ್ನೊಂದರಲ್ಲಿ ತೀರ ಕೆಳಗಿನ ಚುಕ್ಕೆ ಗುಬ್ಬಿಯದು. ಮೂರು ವರ್ಷದ ಹುಡುಗಿ, ಎತ್ತಿಕೊಂಡರೆ ಕೈಯಲ್ಲಿ ಏನೋ ಇದೆ ಅನ್ನಿಸಬೇಕಲ್ಲ, ಅದೂ ಇಲ್ಲ. ಅವಳ ತಾಯಿ ಕಾರ್ಖಾನೆಯಿಂದ ಮನೆ ಸೇರುವಾಗ ಎಂಟು ಗಂಟೆ. ಒಲೆ ಹಚ್ಚಿ ಅನ್ನ ಇಳಿಸುವ ಹೊತ್ತಿಗೆ ಗುಬ್ಬಿ ಪಕ್ಕದ ಮನೆಯಲ್ಲೇ ಮಲಗಿ ನಿದ್ದೆ ಹೋಗಿರುತ್ತಿದ್ದಳು. ಎಬ್ಬಿಸಿದರೆ ಏಳುವ ಪೈಕಿಯಲ್ಲ. ಹೀಗಾಗಿ ಮೂರು ಗಂಟೆಯ ಆ ಬಟ್ಟಲೇ ಅವಳ ರಾತ್ರಿಯೂಟವೂ ಆಗಿತ್ತು. ಅದನ್ನು ಬೇರೆ ಯಾರಾದರೂ ಬಲ್ಲರೋ ಇಲ್ಲವೋ, ಸೌಟಜ್ಜಿ ಬಲ್ಲಳು.

ಒಂದು ಮಂಗಳವಾರ ಮೇಲಿನ ಕಚೇರಿಯಿಂದ ಕಾಗದ ಬಂತು. ಟೀಚರಮ್ಮ ನಿಂತೇ ಓದಿದರು, ಆಮೇಲೆ ಕೂತು ಇನ್ನೊಂದು ಸಲ ಓದಿದರು. ಒಂಬತ್ತು ವರ್ಷದ ಕೆಲಸದಲ್ಲಿ ಅವರಿಗೆ ಬಂದದ್ದೆಲ್ಲ ಕಾರಣ ಕೇಳುವ ಕಾಗದಗಳು. ಯಾಕೆ ತಡ, ಯಾಕೆ ಕಡಿಮೆ, ಯಾಕೆ ಬರೆದಿಲ್ಲ. ಇದು ಮೆಚ್ಚುಗೆಯ ಕಾಗದ. ಒಂದೇ ತಿಂಗಳಲ್ಲಿ ಕೆಂಪಿನ ಮಕ್ಕಳು ಹನ್ನೊಂದರಿಂದ ಮೂರಕ್ಕೆ ಇಳಿದಿದ್ದಾರೆ, ಬರುವ ಶುಕ್ರವಾರದ ಸಭೆಯಲ್ಲಿ ಟೀಚರಮ್ಮನನ್ನು ವೇದಿಕೆಗೆ ಕರೆಯುತ್ತಾರೆ. ಕೆಳಗೆ ಇನ್ನೊಂದು ಸಾಲಿತ್ತು. ಬರುವ ಒಂದನೇ ತಾರೀಕಿನಿಂದ ಮೂರು ಗಂಟೆಯ ಗಂಜಿ ಇರುವುದಿಲ್ಲ.

ಸೌಟಜ್ಜಿ ಮೊದಲು ಕೇಳಿದ್ದು ಆ ಕೊನೆಯ ಸಾಲನ್ನೇ. ಮಕ್ಕಳು ಚೆನ್ನಾದರು ಅಂತ ತಾನೇ ನಿಲ್ಲಿಸುವುದು, ಅದು ಸಂತೋಷದ ವಿಷಯವಲ್ಲವೇ ಅಂದರು ಟೀಚರಮ್ಮ. ಸಂತೋಷದ ವಿಷಯವೇ, ಅಂದಳು ಅವಳು, ಪಾತ್ರೆ ತಿಕ್ಕಲು ಹೋದಳು. ಅರ್ಧ ತಿಕ್ಕಿದ ಪಾತ್ರೆ ಕೈಯಲ್ಲೇ ಹಿಡಿದು ವಾಪಸ್ಸು ಬಂದಳು.

ಅವಳಿಗೆ ತಲೆ ಹೊಕ್ಕದ್ದು ಗಂಟುಗಳು. ಆ ಬೀದಿಯ ತಾಯಂದಿರು ಎರಡು ವರ್ಷ ಬಾಳಲಿ ಅಂತ ದೊಡ್ಡ ಅಳತೆಯ ಚಡ್ಡಿಗಳನ್ನೇ ಕೊಳ್ಳುತ್ತಿದ್ದರು. ಮಕ್ಕಳು ಓಡಿದರೆ ಅವು ಮೊಣಕಾಲಿಗೆ ಇಳಿಯುತ್ತಿದ್ದವು. ಸೌಟಜ್ಜಿ ಪ್ರತಿ ಚಡ್ಡಿಯ ಸೊಂಟದಲ್ಲಿ ಎಲಾಸ್ಟಿಕ್ಕು ಹಿಡಿದು ಒಂದು ಗಂಟು ಹಾಕುತ್ತಿದ್ದಳು. ಮಗು ಮೈ ಕೂಡಿದರೆ ಗಂಟು ಬಿಗಿಯಾಗಿ ಹೊಟ್ಟೆಯ ಮೇಲೆ ಗೆರೆ ಮೂಡುತ್ತದೆ, ಆಗ ಬಿಚ್ಚಬೇಕು. ಕಳೆದ ತಿಂಗಳು ಅವಳು ಒಂದೇ ಒಂದು ಗಂಟು ಬಿಚ್ಚಿದ್ದಳು. ಅದು ಕಾರ್ಖಾನೆಯ ಇಸ್ತ್ರಿಯವನ ಮಗನದು. ಮಿಕ್ಕವರದ್ದೆಲ್ಲ ಹಾಗೇ ಇತ್ತು, ಗುಬ್ಬಿಗಂತೂ ಎರಡನೇ ಗಂಟು ಬಿದ್ದಿತ್ತು. ಹಾಗಾದರೆ ಎಂಟು ಮಕ್ಕಳು ಕೆಂಪಿನಿಂದ ಹೊರಗೆ ಬಂದದ್ದು ಹೇಗೆ?

ಟೀಚರಮ್ಮನ ಹತ್ತಿರ ತೂಕದ ಪುಸ್ತಕ ತೆಗೆಸಿ ಒಂದೊಂದೇ ಹೆಸರು ಓದಿಸಿದಳು. ನಾನೂರು ಗ್ರಾಂ ಹೆಚ್ಚು, ಐನೂರು ಹೆಚ್ಚು, ನಾನೂರು, ನಾನೂರು. ಒಂಬತ್ತು ದಿನ ಜ್ವರದಲ್ಲಿ ಮಲಗಿದ್ದ ಹುಡುಗನಿಗೂ ಮುನ್ನೂರು ಹೆಚ್ಚು.

"ಜ್ವರ ಬಂದೋನು ಏನ್ ತಿಂದ ಟೀಚರಮ್ಮಾ, ಹಾಸಿಗೇನಾ?" ಅಂದಳು ಸೌಟಜ್ಜಿ.

"ನಿಮಗೆ ಒಳ್ಳೇದಾದ್ರೂ ಅನುಮಾನ ಅಜ್ಜಿ," ಅಂತ ಟೀಚರಮ್ಮ ಪುಸ್ತಕ ಮುಚ್ಚಿದರು. ಸೌಟಜ್ಜಿ ಅರ್ಧ ತಿಕ್ಕಿದ ಪಾತ್ರೆ ಹಿಡಿದು ಒಳಗೆ ಹೋದಳು.

ಮರುದಿನ ಊಟವಾಗಿ ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿದರು. ಟೀಚರಮ್ಮ ಮನೆಗಳ ಭೇಟಿಗೆ ಹೋಗಿದ್ದರು. ಸೌಟಜ್ಜಿ ಗೋಡೆಗೆ ಒರಗಿ ಕೂತು ತೂಗಿದ ದಿನವನ್ನು ನೆನಪಿನಲ್ಲಿ ಮೊದಲಿಂದ ಹರಡಿಕೊಂಡಳು. ಊಟವಾದ ಮೇಲೆ ತೂಗಿದ್ದರೋ? ಇಲ್ಲ, ಅವಳು ಇನ್ನೂ ಬೇಳೆ ಕದಡುತ್ತಿದ್ದಳು. ಬಟ್ಟೆ ಹೆಚ್ಚಿತ್ತೋ? ಸೆಕೆಗೆ ಎಲ್ಲವೂ ಬರೀ ಚಡ್ಡಿಯಲ್ಲಿದ್ದವು. ಅಂದಮೇಲೆ ತಕ್ಕಡಿಯನ್ನೇ ಕೇಳಬೇಕು.

ತಕ್ಕಡಿ ತೊಲೆಗೆ ನೇತುಹಾಕಿತ್ತು. ಗಡಿಯಾರದಂಥ ಗುಂಡು ಮುಖ, ಒಂದು ಮುಳ್ಳು, ಕೆಳಗೊಂದು ಕೊಕ್ಕೆ. ಕೊಕ್ಕೆಗೆ ಬಟ್ಟೆಯ ಜೋಲಿ ಸಿಕ್ಕಿಸಿ, ಅದರ ಎರಡು ತೂತಿನಲ್ಲಿ ಮಗುವಿನ ಕಾಲು ತೂರಿಸಿ ಕೂರಿಸುವುದು. ಬರೀ ಜೋಲಿ ತೂಗಿದಾಗ ಮುಳ್ಳನ್ನು ಸೊನ್ನೆಗೆ ತಿರುಗಿಸುವ ತಿರುಪು ಒಂದಿರುತ್ತದೆ. ಇಲ್ಲಿಯದು ತುಕ್ಕು ಹಿಡಿದು ಎಷ್ಟೋ ವರ್ಷವಾಗಿತ್ತು. ಅದಕ್ಕೇ ಬಾಗಿಲ ಚೌಕಟ್ಟಿನ ಮೇಲೆ, ಜೋಲಿಗೆ 200 ಕಳೆಯಿರಿ ಅಂತ ಸೀಮೆಸುಣ್ಣದಲ್ಲಿ ಬರೆದಿತ್ತು. ಮೂವರು ಟೀಚರುಗಳು ಬದಲಾಗಿದ್ದರು. ಅಳಿಸಿದಂತೆಲ್ಲ ಅದರ ಮೇಲೇ ತಿದ್ದಿ ಬರೆದಿದ್ದರು.

ಸೌಟಜ್ಜಿ ಅಡುಗೆಕೋಣೆಯಿಂದ ಬಿಚ್ಚದ ಒಂದು ಕಿಲೋ ಉಪ್ಪಿನ ಪೊಟ್ಟಣ ತಂದು ಜೋಲಿಯಲ್ಲಿ ಕೂರಿಸಿದಳು. ಮುಳ್ಳು ಒಂದು ಕಿಲೋ ಆರುನೂರಕ್ಕೆ ಹೋಗಿ ನಿಂತಿತು. ಇನ್ನೂರು ಕಳೆದರೂ ಒಂದು ಕಿಲೋ ನಾನೂರು. ಅಂಗಡಿಯವನು ನಾನೂರು ಗ್ರಾಂ ಹೆಚ್ಚು ಕೊಟ್ಟನೇ? ಆ ಮನುಷ್ಯನ ಕೈಯಿಂದ ಒಂದು ಹರಳು ಹೆಚ್ಚು ಬಂದದ್ದನ್ನು ಅವಳು ಕಂಡಿರಲಿಲ್ಲ. ಆದರೂ ನೋಡಿಯೇಬಿಡೋಣ ಅಂತ, ಮಕ್ಕಳ ಮೇಲೆ ಕಣ್ಣಿಡಲು ಟಾರ್ಪಾಲಿನವನ ಹೆಂಡತಿಯನ್ನು ಕೂರಿಸಿ ಎದುರಿನ ಅಂಗಡಿಗೆ ಹೋದಳು. ಅವನು ತೂಗಿದ. ಸರಿಯಾಗಿ ಒಂದು ಕಿಲೋ.

"ಏನಕ್ಕಾ, ಉಪ್ಪಿನ ಮೇಲೂ ಅನುಮಾನ ಶುರುವಾಯ್ತಾ? ಇನ್ನು ನನ್ನ ಮೇಲೆ ಯಾವಾಗ?"

"ನಿನ್ನ ಮೇಲಿಂದು ಹಳೇದಪ್ಪ. ಇದು ಹೊಸದು," ಅಂತ ಹೇಳಿ ಪೊಟ್ಟಣ ಎತ್ತಿಕೊಂಡು ಬಂದಳು.

ಈಗ ಜೋಲಿ ತೆಗೆದಿಟ್ಟು, ಪೊಟ್ಟಣಕ್ಕೆ ದಾರ ಕಟ್ಟಿ ನೇರವಾಗಿ ಕೊಕ್ಕೆಗೇ ನೇತುಹಾಕಿದಳು. ಮುಳ್ಳು ಒಂದರ ಮೇಲೆ ಬಂದು ಅಲುಗಾಡದೆ ಕೂತಿತು. ಉಪ್ಪಿನದು ತಪ್ಪಿಲ್ಲ, ತಕ್ಕಡಿಯದೂ ತಪ್ಪಿಲ್ಲ. ಉಳಿದದ್ದು ಯಾವುದು ಅಂತ ತಿರುಗಿ ನೋಡಿದಳು. ನೆಲದ ಮೇಲೆ ಮಡಿಸಿಟ್ಟ ಜೋಲಿ ಇತ್ತು. ಅದನ್ನು ಎತ್ತಿ ಖಾಲಿಯಾಗಿಯೇ ನೇತುಹಾಕಿದಳು. ಆರುನೂರು.

ಆ ಜೋಲಿ ಅವಳದೇ ಕೈಯದು. ಎರಡು ತಿಂಗಳ ಹಿಂದೆ ಹಳೆಯ ಜೋಲಿಯ ಕಾಲಿನ ತೂತು ಪರ್ರನೆ ಹರಿದು ಗುಬ್ಬಿ ತಲೆಕೆಳಗಾಗಿ ಜಾರಿದ್ದಳು. ಸೌಟಜ್ಜಿ ಹಾರಿ ಹಿಡಿದಿದ್ದಳು. ಆ ಸಂಜೆಯೇ ಮಗ್ಗುಲ ಅಂಗಡಿಯಲ್ಲಿ ಟಾರ್ಪಾಲಿನ ತುಂಡು ಕೇಳಿ ತಂದು ಹೊಸದಕ್ಕೆ ಕೈಹಾಕಿದಳು. ಎರಡು ಪದರ, ಅಂಚಿಗೆ ಮಡಿಕೆಯ ಮೇಲೆ ಮಡಿಕೆ, ಕೂರುವ ಕಡೆ ಒಳಗೊಂದು ಮೆತ್ತೆ, ನಾಲ್ಕು ಮೂಲೆಗೂ ಕಬ್ಬಿಣದ ಉಂಗುರ. ಎರಡು ಮಧ್ಯಾಹ್ನ ಹಿಡಿದಿತ್ತು. ಟೀಚರಮ್ಮ ಒಳಗೆ ಕೈಯಾಡಿಸಿ, ಇದರಲ್ಲಿ ಆನೆಮರಿಯನ್ನೂ ತೂಗಬಹುದು ಅಂದಿದ್ದರು. ಕಳೆದ ತಿಂಗಳು ಮೊದಲ ಸಲ ಅದರಲ್ಲಿ ತೂಗಿದ್ದು. ಚೌಕಟ್ಟಿನ ಮೇಲಿನ ಇನ್ನೂರು ಹಳೆಯ ಜೋಲಿಯ ತೂಕ ಅನ್ನುವುದು ಇಬ್ಬರಿಗೂ ಮರೆತೇ ಹೋಗಿತ್ತು. ಮಗುವನ್ನು ಕೂರಿಸುವುದು, ಅಳಬೇಡ ಅನ್ನುವುದು, ಇನ್ನೂರು ಕಳೆಯುವುದು, ಎಲ್ಲ ಒಂದೇ ಉಸಿರಿನ ಕೆಲಸವಾಗಿತ್ತು.

ಮಕ್ಕಳ ಮೈಗೆ ಬರಬೇಕಾಗಿದ್ದ ನಾನೂರು ಗ್ರಾಂ ಅವಳ ಸೂಜಿಯಿಂದ ಬಟ್ಟೆಗೆ ಬಂದಿತ್ತು. ಸೌಟಜ್ಜಿ ಜೋಲಿಯನ್ನು ಮಡಿಲಿಗೆ ಹಾಕಿಕೊಂಡು ಕೂತಳು. ನಾಚಿಕೆಯಾಯಿತು. ಆದರೂ ಸುಳ್ಳು ಹೇಳಬಾರದು, ಸಿಕ್ಕಿನ ತುದಿ ಕೈಗೆ ಸಿಕ್ಕಿತಲ್ಲ ಅನ್ನುವ ಒಂದು ಸಣ್ಣ ಖುಷಿಯೂ ಒಳಗೆಲ್ಲೋ ಇತ್ತು.

ಟೀಚರಮ್ಮ ಬಂದ ಮೇಲೆ ಅವಳು ಬಾಯಲ್ಲಿ ಹೇಳಲಿಲ್ಲ, ಒಂದೊಂದಾಗಿ ತೂಗಿ ತೋರಿಸಿದಳು. ಉಪ್ಪು, ಜೋಲಿಯೊಳಗೆ ಉಪ್ಪು, ಬರೀ ಜೋಲಿ. ಟೀಚರಮ್ಮ ತಾವೇ ಜೋಲಿ ಬಿಚ್ಚಿ ಇನ್ನೊಂದು ಸಲ ನೇತುಹಾಕಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, ಶುಕ್ರವಾರ ಒಂದು ಕಳೆದುಹೋಗಲಿ, ಬರುವ ತಿಂಗಳು ಸರಿಯಾಗಿ ತೂಗಿ ಬರೆದರೆ ಗಂಜಿ ತಾನಾಗಿಯೇ ವಾಪಸ್ಸು ಬರುತ್ತದೆ ಅಂತ. ಎಷ್ಟು ದಿನಕ್ಕೆ ಬರುತ್ತದೆ ಅಂತ ಸೌಟಜ್ಜಿ ಕೇಳಿದಳು. ಕೇಳಿದ್ದು ಚುಚ್ಚಲು ಅಲ್ಲ, ನಿಜಕ್ಕೂ ಗೊತ್ತಿರಲಿಲ್ಲ. ಟೀಚರಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಕಳೆದ ಸಲ ಅರ್ಜಿಗೆ ಏಳು ತಿಂಗಳು ಹಿಡಿದಿತ್ತು ಅಂದರು.

"ಹೊಲಿದವಳು ನಾನು ಟೀಚರಮ್ಮಾ. ತಪ್ಪು ಅಡುಗೆಯವಳದ್ದು ಅಂತಲೇ ಬರೀರಿ."

"ಹೊಲಿದವರು ನೀವು. ಕಳೆದವಳು ನಾನಲ್ವಾ ಅಜ್ಜಿ?"

ಅಷ್ಟರಲ್ಲಿ ಗುಬ್ಬಿಗೆ ಎಚ್ಚರವಾಯಿತು. ಯಾರೂ ಕರೆಯದೆ ಎದ್ದು, ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಬಂದು ಅಡುಗೆಕೋಣೆಯ ಬಾಗಿಲಲ್ಲಿ ತನ್ನ ಜಾಗದಲ್ಲಿ ಕೂತಳು. ಗಂಜಿಗೆ ಇನ್ನೂ ನೀರೇ ಇಟ್ಟಿರಲಿಲ್ಲ. ಟೀಚರಮ್ಮ ಅವಳನ್ನು ನೋಡಿದರು, ಎದ್ದುಹೋಗಿ ಒದ್ದೆ ಬಟ್ಟೆ ತಂದು ಚೌಕಟ್ಟಿನ ಮೇಲಿನ ಇನ್ನೂರನ್ನು ಒರೆಸಿಹಾಕಿದರು.

ಗುರುವಾರ ಬೆಳಿಗ್ಗೆ ಮೂವತ್ತನಾಲ್ಕು ಮಕ್ಕಳನ್ನೂ ಮತ್ತೆ ತೂಗಿ ಆರುನೂರು ಕಳೆದರು. ಕೆಂಪಿನಲ್ಲಿ ಉಳಿದವರು ಹತ್ತು. ನಿಜವಾಗಿ ಹೊರಗೆ ಬಂದವನು ಒಬ್ಬನೇ, ಆ ಇಸ್ತ್ರಿಯವನ ಮಗ. ಒಬ್ಬನಾದರೂ ಬಂದನಲ್ಲ ಅಂತ ಇಬ್ಬರಿಗೂ ಸಮಾಧಾನ. ಸೌಟಜ್ಜಿ ಅವನನ್ನು ಸುಮ್ಮನೆ ಒಂದು ಸಲ ಎತ್ತಿ ಇಳಿಸಿದಳು.

ಮಕ್ಕಳನ್ನೂ ಗಂಜಿಯನ್ನೂ ಟಾರ್ಪಾಲಿನವನ ಹೆಂಡತಿಗೆ ಒಪ್ಪಿಸಿ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಮೇಲ್ವಿಚಾರಕರ ಕಚೇರಿಗೆ ಹೊರಟರು. ಚೀಲದಲ್ಲಿ ತಕ್ಕಡಿ, ಜೋಲಿ, ಉಪ್ಪಿನ ಪೊಟ್ಟಣ, ತೂಕದ ಪುಸ್ತಕ. ಆ ಮೇಲ್ವಿಚಾರಕರಿಗೆ ಕೊಡೆ ಸಾಹೇಬರು ಅಂತ ಹೆಸರು. ಬಿಸಿಲಿರಲಿ ಮೋಡವಿರಲಿ, ಕೊಡೆ ಬಿಟ್ಟು ಹೊರಗೆ ಕಾಲಿಟ್ಟವರಲ್ಲ. ಇಪ್ಪತ್ತೆರಡು ಕೇಂದ್ರಗಳು ಅವರ ಕೈಕೆಳಗೆ. ಮೇಜಿನ ತುಂಬ ಕಡತ, ಹಿಂದಿನ ಗೋಡೆಯಲ್ಲಿ ಮೊಳೆ, ಮೊಳೆಗೆ ಕೊಡೆ.

ಟೀಚರಮ್ಮ ಹೇಳಿದ್ದನ್ನು ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ವರದಿ ಮೇಲೆ ಹೋಗಿಯಾಗಿದೆ, ಮೇಲೆ ಹೋದ ಅಂಕಿ ಕೆಳಗೆ ಬರುವುದಿಲ್ಲ, ನಾಳೆ ಸಭೆ ಇಟ್ಟುಕೊಂಡು ಇವತ್ತು ಇದೇನು ತಲೆಹರಟೆ ಅಂದರು. ಸೌಟಜ್ಜಿ ಮೊಳೆಯಿಂದ ಕೊಡೆ ಇಳಿಸಿ ಕುರ್ಚಿಗೆ ಒರಗಿಸಿದಳು, ತಕ್ಕಡಿ ನೇತುಹಾಕಿದಳು, ಬರೀ ಜೋಲಿ ಸಿಕ್ಕಿಸಿದಳು.

ಸಾಹೇಬರು ಬೈಯಲು ಬಾಯಿ ತೆರೆದವರು ಮುಳ್ಳು ನೋಡಿ ಎದ್ದು ಹತ್ತಿರ ಬಂದರು. ಜೋಲಿಯ ಅಂಚನ್ನು ಬೆರಳಲ್ಲಿ ಹಿಡಿದು ಆರುನೂರೇ ಅಂತ ಕೇಳಿದರು. ಅವರ ಮುಖ ಇಳಿದದ್ದು ಕಂಡು ಸೌಟಜ್ಜಿಗೆ ಮತ್ತೆ ಕುತೂಹಲ ಹತ್ತಿತು. ಅವಳ ಜೋಲಿಯಿಂದ ಇವರಿಗೆ ಏನು ಹೋಯಿತು?

"ಹೊಲಿದ ವಾರವೇ ಬಂದು ನೋಡಿ, ಈ ಜೋಲೀನ ಒಂದು ದಿನಕ್ಕೆ ಅಂತ ತಗೊಂಡು ಹೋಗಿದ್ರಲ್ಲ ಸಾಹೇಬ್ರೇ. ಏನ್ ಮಾಡಿದ್ರಿ ಆವತ್ತು?"

ಸಾಹೇಬರು ಕಿಟಕಿಯ ಕಡೆ ನೋಡಿಕೊಂಡು ಹೇಳಿದರು. ಚೆನ್ನಾಗಿ ಕಂಡಿತು, ಮಗು ಬೀಳುವುದಿಲ್ಲ ಅನ್ನಿಸಿತು, ಅದೇ ಅಳತೆಯಲ್ಲಿ, ಅದೇ ಟಾರ್ಪಾಲಿನಲ್ಲಿ ಇಪ್ಪತ್ತೊಂದು ಹೊಲಿಸಿ ಉಳಿದ ಎಲ್ಲ ಕೇಂದ್ರಗಳಿಗೂ ಕಳಿಸಿದೆ. ಎಲ್ಲರೂ ಕಳೆದ ತಿಂಗಳು ಅದರಲ್ಲೇ ತೂಗಿದ್ದಾರೆ. ಗಂಜಿ ಇದ್ದದ್ದು ಒಂಬತ್ತು ಕೇಂದ್ರಗಳಲ್ಲಿ, ಎಂಟು ಕಡೆ ಕೆಂಪು ಇಳಿದು ಗಂಜಿ ನಿಲ್ಲುತ್ತಿದೆ. ವರದಿಯಲ್ಲಿ ಆ ಜೋಲಿ ತಮ್ಮದೇ ಯೋಚನೆ ಅಂತಲೂ ಬರೆದುಬಿಟ್ಟಿದ್ದರು. ಅದನ್ನು ಹೇಳುವಾಗ ಅವರ ಕಿವಿ ಕೆಂಪಾಯಿತು.

ಹಳೆಯ ತಕ್ಕಡಿಗಳಲ್ಲಿ ಎಷ್ಟಕ್ಕೆ ತಿರುಪು ಕೆಟ್ಟಿದೆ ಅಂತ ಸೌಟಜ್ಜಿ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಒಪ್ಪಿಕೊಂಡು ಫೋನು ಎತ್ತಿದರು. ಗಂಜಿಯ ಕೇಂದ್ರಗಳಿಗೆ ಒಂದೊಂದಾಗಿ ಕರೆ ಮಾಡಿ, ಬರೀ ಜೋಲಿ ನೇತುಹಾಕಿ ಮುಳ್ಳು ಎಲ್ಲಿದೆ ಹೇಳಿ, ತೂಗುವಾಗ ಎಷ್ಟು ಕಳೀತೀರಿ ಹೇಳಿ ಅಂದರು. ಆರುನೂರು, ಕಳೆಯುವುದು ಇನ್ನೂರು. ಐನೂರೈವತ್ತು, ಕಳೆಯುವುದು ಇನ್ನೂರು. ಒಬ್ಬರು ಕಳೆಯುವುದೇ ಇಲ್ಲ ಅಂದರು, ಅವರಿಗೆ ಹಾಗೊಂದಿದೆ ಅಂತಲೇ ಗೊತ್ತಿಲ್ಲ. ಕೊನೆಯ ಕೇಂದ್ರದ ಟೀಚರು ಮಾತ್ರ, ನಮ್ಮ ತಿರುಪು ಸರಿಯಿದೆ, ಹೊಸ ಜೋಲಿ ಬಂದ ದಿನವೇ ಮುಳ್ಳನ್ನು ಸೊನ್ನೆಗೆ ತಿರುಗಿಸಿಕೊಂಡೆ ಅಂದರು. ಒಂಬತ್ತರಲ್ಲಿ ಕೆಂಪು ಇಳಿಯದ ಒಂದೇ ಒಂದು ಕೇಂದ್ರ ಅದು. ಉಳಿದವರೆಲ್ಲ ಮುಂದೆ ಹೋದರು, ನೀವು ಯಾಕೆ ಹಿಂದೆ ಅಂತ ಆ ಟೀಚರಿಗೆ ಕೊಡೆ ಸಾಹೇಬರು ಮೊನ್ನೆಯಷ್ಟೇ ಕಾರಣ ಕೇಳುವ ಕಾಗದ ಕಳಿಸಿದ್ದರು.

ಫೋನು ಇಟ್ಟು ಅವರು ಸುಮಾರು ಹೊತ್ತು ಹಣೆ ಉಜ್ಜಿಕೊಂಡರು. ಈ ಅಂಕಿಗಳನ್ನೆಲ್ಲ ಕೂಡಿಸಿದರೆ ಏನಾಗುತ್ತದೆ ಅನ್ನುವುದು ಅಲ್ಲಿದ್ದ ಮೂರು ಜನ ಬಿಟ್ಟು ಇನ್ನೂ ಯಾರಿಗೂ ಗೊತ್ತಿಲ್ಲ ಅಂತ ಅವರಿಗೂ ಹೊಳೆದಿರಬೇಕು. ಟೀಚರಮ್ಮ ನೆಲ ನೋಡುತ್ತಿದ್ದರು. ಸೌಟಜ್ಜಿ ಸಾಹೇಬರನ್ನೇ ನೋಡುತ್ತಿದ್ದಳು. ಅವಳ ನೋಟದಲ್ಲಿ ಗದರಿಕೆಯಿರಲಿಲ್ಲ. ಒಲೆಯ ಮೇಲಿನ ಹಾಲು ಈಗ ಏನು ಮಾಡುತ್ತದೆ ಅಂತ ನೋಡುವ ಹಾಗೆ ನೋಡುತ್ತಿದ್ದಳು.

ಸಾಹೇಬರು ಬಿಳಿ ಹಾಳೆ ಎಳೆದುಕೊಂಡರು. ತಾರೀಕು ಹಾಕಿದರು.

ಅವರು ಅರ್ಧ ಬರೆದಾಗ ಸೌಟಜ್ಜಿ ಒಂದು ಮಾತು ಕೇಳಲೇ ಅಂದಳು. ಕೇಳಿ ಅಂದರು.

"ಜ್ವರ ಬಿಟ್ಟ ದಿನವೇ ಮಗು ಮೇಲಿನ ಹೊದಿಕೆ ಯಾರೂ ಎಳ್ಕೊಳ್ಳಲ್ಲ. ನಾಕು ದಿನ ನೋಡ್ತೀವಿ. ಗಂಜಿ ಮಾತ್ರ ಮೈ ಕೂಡಿದ ತಿಂಗಳೇ ಯಾಕೆ ನಿಲ್ಲಿಸ್ತೀರಿ? ಕೂಡಿದ್ದು ಗಂಜಿಯಿಂದ ತಾನೇ?"

"ಅದು ಮೇಲಿನವರ ನಿಯಮ ಅಜ್ಜಿ. ನಾನು ಮಾಡಿದ್ದಲ್ಲ."

"ಮೇಲಿನವರನ್ನ ಯಾರಾದ್ರೂ ಕೇಳಿದ್ದಾರಾ?"

ಸಾಹೇಬರು ಪೆನ್ನು ಹಿಡಿದೇ ಯೋಚಿಸಿದರು. ತಮಗೆ ತಿಳಿದ ಹಾಗೆ ಇಲ್ಲ ಅಂದರು.

"ಹಾಗಾದ್ರೆ ಆ ಕಾಗದದಲ್ಲೇ ಕೆಳಗೆ ಅದೂ ಒಂದು ಸಾಲು ಇರಲಿ."

ಅವರು ಬರೆದರು. ಓದಿಯೂ ಹೇಳಿದರು. ಹೊದಿಕೆಯ ಮಾತು ಬಿಟ್ಟುಹೋಗಿತ್ತು, ಮಿಕ್ಕದ್ದೆಲ್ಲ ಸರಿಯಾಗಿತ್ತು.

ಶುಕ್ರವಾರ ಟೀಚರಮ್ಮನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಕೊಡೆ ಸಾಹೇಬರೇ ಹತ್ತಿ ಜೋಲಿಯ ಕಥೆ ಹೇಳಿದರಂತೆ, ಹಿಂದಿನ ಸಾಲಿನಲ್ಲಿ ನಗು ಎದ್ದಿತಂತೆ, ಆಮೇಲೆ ನಕ್ಕವರಲ್ಲೇ ಇಬ್ಬರು ಬಂದು ತಂತಮ್ಮ ತಕ್ಕಡಿಯ ತಿರುಪಿನ ವಿಷಯ ಪಿಸುಗುಟ್ಟಿದರಂತೆ. ಕಾರಣ ಕೇಳುವ ಕಾಗದ ಪಡೆದಿದ್ದ ಆ ಟೀಚರು ಎಲ್ಲರ ಎದುರಿಗೆ ಕಾಗದವನ್ನು ಸಾಹೇಬರ ಕೈಗೇ ವಾಪಸ್ಸು ಕೊಟ್ಟರಂತೆ. ಇದನ್ನೆಲ್ಲ ಟೀಚರಮ್ಮ ಸೊಪ್ಪು ಬಿಡಿಸುತ್ತ ಹೇಳಿದರು. ಬೇಜಾರಾಯಿತೇ ಅಂತ ಸೌಟಜ್ಜಿ ಕೇಳಿದ್ದಕ್ಕೆ, ಆಯಿತು, ಆದರೆ ರಾತ್ರಿ ನಿದ್ದೆ ಬಂತು ಅಂದರು.

ಒಂದನೇ ತಾರೀಕು ಬಂತು. ಹಿಟ್ಟಿನ ಮೂಟೆ ಬರಲಿಲ್ಲ. ಕಾಗದ ಮೇಲೆ ಹೋಗಿದೆ, ಇನ್ನೂ ಕೆಳಗೆ ಇಳಿದಿಲ್ಲ ಅಂದರು ಸಾಹೇಬರು. ಸೌಟಜ್ಜಿ ಹನ್ನೊಂದೂವರೆಯ ಅನ್ನದಲ್ಲೇ ಒಂದು ಪಾಲು ತೆಗೆದಿಟ್ಟು ಮೂರಕ್ಕೆ ನೀರಾಗಿ ಕಾಯಿಸಿ ಕೊಟ್ಟಳು. ಒಂದೇ ಊಟವನ್ನು ಎರಡು ಸಲ ಬಡಿಸಿದರೆ ಎರಡು ಊಟವಾಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಾಯಿತು. ಎರಡನೇ ದಿನ ಗುಬ್ಬಿ ಬಟ್ಟಲಿನೊಳಗೆ ಇಣುಕಿ ನೋಡಿ ಅಜ್ಜಿಯ ಮುಖ ನೋಡಿದಳು. ಅವಳು ಅಳಲಿಲ್ಲ, ಅದೇ ಕಷ್ಟವಾಯಿತು.

ಐದನೇ ದಿನ ಗಾಡಿ ಬಂತು. ಎರಡು ಮೂಟೆ ಹಿಟ್ಟು, ಒಂದು ಡಬ್ಬ ಎಣ್ಣೆ, ಹಾಲಿನ ಪುಡಿ, ಜೊತೆಗೊಂದು ಕಾಗದ. ಎಂಟು ಕೇಂದ್ರಗಳಿಗೂ ಗಂಜಿ ಮುಂದುವರಿಯಲಿ, ಎಲ್ಲ ತಕ್ಕಡಿಗಳ ತಿರುಪು ರಿಪೇರಿಯಾಗಲಿ ಅಂತ ಬರೆದಿತ್ತು. ಕೊನೆಯಲ್ಲಿ ಸೌಟಜ್ಜಿಯ ಪ್ರಶ್ನೆಗೂ ಉತ್ತರವಿತ್ತು, ಆ ವಿಷಯ ಪರಿಶೀಲನೆಯಲ್ಲಿದೆ ಅಂತ.

ಹಾಗಂದರೇನು ಅಂತ ಅವಳು ಹಿಟ್ಟು ಅಳೆಯುತ್ತ ಕೇಳಿದಳು. ಒಂದೋ ಯಾರೋ ಕೂತು ಓದುತ್ತಿದ್ದಾರೆ, ಇಲ್ಲವೇ ಯಾರೋ ಅದರ ಮೇಲೆ ಬೇರೆ ಕಡತ ಇಟ್ಟಿದ್ದಾರೆ ಅಂದರು ಟೀಚರಮ್ಮ.

"ಓದ್ತಾ ಇರೋರು ಅಂತಲೇ ಇಟ್ಕೊಳ್ಳೋಣ. ಅವರಿಗೂ ಮೂರು ಗಂಟೆಗೆ ಏನಾದ್ರೂ ತಿನ್ನೋ ಅಭ್ಯಾಸ ಇರುತ್ತಾ ಟೀಚರಮ್ಮಾ?"

ಟೀಚರಮ್ಮನಿಗೆ ಅದು ಗೊತ್ತಿರಲಿಲ್ಲ. ಬರುವ ತಿಂಗಳ ಸಭೆಯಲ್ಲಿ ಕೇಳುತ್ತೇನೆ ಅಂದರು, ನಗದೆ ಅಂದರು. ಗಂಜಿ ದಪ್ಪಗಾಗಿ ಗುಳುಗುಳು ಕುದಿಯತೊಡಗಿತು. ಸೌಟಜ್ಜಿ ಒಲೆ ತಗ್ಗಿಸಿ ಮೊದಲ ಬಟ್ಟಲು ಬಡಿಸಿದಳು. ಗುಬ್ಬಿ ಬೆರಳಲ್ಲಿ ಮುಟ್ಟಿ ನೋಡಿದಳು, ಸುಟ್ಟಿತು, ಊದಿಕೊಂಡಳು, ತಿಂದಳು. ಬಟ್ಟಲು ಮುಂದೆ ಚಾಚಿ ಇನ್ನೊಂದು ಸಲ ಕೇಳಿದಳು.